ಸತ್ಯ ದುಡ್ಡಿಗಿಂತ ಮೇಲು ಎಂದ ಪತ್ರಿಕೆ

ಭಾಷಾ ಪತ್ರಕರ್ತರು ತೀರಿಕೊಂಡಾಗ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ದೀರ್ಘಕಾಲದ ಅಸೌಖ್ಯದಿಂದ ನಿಧನರಾದರು, ಇಷ್ಟು ವರ್ಷ ಇಂಥ ಕಡೆ ಕೆಲಸ ಮಾಡಿದ್ದರು, ಪತ್ನಿ, ಮಕ್ಕಳು ಮತ್ತು ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಅಲ್ಲಿಗೆ ಮುಗಿಯಿತು. ಅವರು ಯಾವ ಪದವನ್ನು ಮೊದಲು ಬಳಸಿದರು, ಯಾವ ಸುದ್ದಿಯನ್ನು ಅಚ್ಚು ಮಾಡಲು ಹಟ ಹಿಡಿದರು, ಯಾವುದನ್ನು ಬರೆಯಲಾಗದೆ ನುಂಗಿಕೊಂಡರು ಎಂಬುದು ಆ ನಾಲ್ಕು ಸಾಲಿನಲ್ಲಿ ಇರುವುದಿಲ್ಲ.

ನಮ್ಮ ಪ್ರಾಜೆಕ್ಟಿನಲ್ಲಿ ನೈಜೀರಿಯದ ಒಬ್ಬ ಸಹೋದ್ಯೋಗಿ ಇದ್ದಾನೆ. ಉತ್ತರದ ಕಾನೋ ಊರಿನವನು, ಮನೆಮಾತು ಹೌಸಾ. ಈಚೆಗೆ ಅವನ ಊರಿನ ಹಿರಿಯ ರೇಡಿಯೋ ಪತ್ರಕರ್ತರೊಬ್ಬರು ಬಹಳ ದಿನ ಹಾಸಿಗೆ ಹಿಡಿದು ತೀರಿಕೊಂಡರಂತೆ. ಕಾಲ್ ಮುಗಿದ ಮೇಲೆ ಅವರ ದನಿಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದ. ಕೊನೆಗೆ, "ನಮ್ಮಲ್ಲಿ ಸುದ್ದಿ ಓದುವವರೆಲ್ಲ ಅಬುಬಕರ್ ಇಮಾಮ್ ಹಾಕಿಕೊಟ್ಟ ದಾರಿಯಲ್ಲೇ ನಡೆದವರು" ಅಂದ. ಆ ಹೆಸರು ನಾನು ಕೇಳಿರಲಿಲ್ಲ. ಹುಡುಕುತ್ತಾ ಹೋದೆ. ಈ ತಿಂಗಳ ಅಂಕಣ ಅವರಿಗೆ.

ಉತ್ತರ ನೈಜೀರಿಯ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೋಕೊ ಹರಾಮ್. 2014ರಲ್ಲಿ ಚಿಬೋಕ್ ಊರಿನ ಶಾಲೆಯಿಂದ 276 ಹುಡುಗಿಯರನ್ನು ಹೊತ್ತೊಯ್ದ ಗುಂಪು. ಆ ಹೆಸರಿನಲ್ಲಿರುವ 'ಬೋಕೊ' ಪದಕ್ಕೆ ಹೌಸಾದಲ್ಲಿ ಎರಡು ಬಳಕೆಗಳಿವೆ. ಒಂದು, ಬ್ರಿಟಿಷರು ತಂದ ಶಾಲಾ ಶಿಕ್ಷಣ. ಇನ್ನೊಂದು, ರೋಮನ್ ಅಕ್ಷರಗಳಲ್ಲಿ ಬರೆದ ಹೌಸಾ. ಅದಕ್ಕೂ ಮೊದಲು ನೂರಾರು ವರ್ಷ ಹೌಸಾವನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಆ ಬರಹಕ್ಕೆ ಅಜಮಿ ಎಂದು ಹೆಸರು. ಮದರಸಾದಲ್ಲಿ ಕಲಿತವರಿಗೆ ಅಜಮಿ ಬರುತ್ತಿತ್ತು, ಬೋಕೊ ಓದಬಲ್ಲವರು ಬೆರಳೆಣಿಕೆಯಷ್ಟು. ಅಂಥ ಕಾಲದಲ್ಲಿ ಬೋಕೊದಲ್ಲಿ ಪತ್ರಿಕೆ ನಡೆಸುವುದೆಂದರೆ ಸುದ್ದಿಯ ಜೊತೆಗೆ ಓದುಗರನ್ನೂ ಹುಟ್ಟಿಸಬೇಕು. ಅದನ್ನು ಮಾಡಿದವರು ಅಬುಬಕರ್ ಇಮಾಮ್.

ಹುಟ್ಟಿದ್ದು 1911ರಲ್ಲಿ, ಕಗಾರ ಎಂಬ ಊರಿನಲ್ಲಿ. ಕಾತ್ಸಿನಾದ ಕಾಲೇಜಿನಲ್ಲಿ ಓದಿ ಅಲ್ಲೇ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾದರು. 1933ರಲ್ಲಿ ವಸಾಹತು ಸರ್ಕಾರದ ಅನುವಾದ ಕಚೇರಿ ಹೌಸಾದಲ್ಲಿ ಕಥೆ ಬರೆಯುವ ಸ್ಪರ್ಧೆ ಏರ್ಪಡಿಸಿತು. ಅದರ ಮುಖ್ಯಸ್ಥ ರೂಪರ್ಟ್ ಈಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ. ಶಾಲೆಗಳಲ್ಲಿ ಬೋಕೊ ಕಲಿಸುತ್ತಿದ್ದೇವೆ, ಆದರೆ ಕಲಿತ ಮೇಲೆ ಓದಲು ಏನಿದೆ ಎಂಬುದು ಆತನ ಚಿಂತೆ. ಆ ಸ್ಪರ್ಧೆಯಿಂದ ಐದು ಪುಸ್ತಕಗಳು ಬಂದವು. ಒಂದು 'ಷೈಹು ಉಮರ್'. ಅದನ್ನು ಬರೆದ ಅಬುಬಕರ್ ತಫಾವಾ ಬಲೇವಾ ಮುಂದೆ ನೈಜೀರಿಯದ ಮೊದಲ ಪ್ರಧಾನಿಯಾದರು. ಇನ್ನೊಂದನ್ನು ಬರೆದದ್ದು ಇಮಾಮರ ಅಣ್ಣ ಬೆಲ್ಲೊ ಕಗಾರ. ಮತ್ತೊಂದು ಇಮಾಮರದೇ 'ರುವಾನ್ ಬಗಾಜಾ'. ಕಾಯಿಲೆ ಬಿದ್ದ ರಾಜಕುಮಾರನಿಗಾಗಿ ರೋಗ ವಾಸಿ ಮಾಡುವ ನೀರನ್ನು ಹುಡುಕಿಕೊಂಡು ಊರೂರು ಅಲೆಯುವವನ ಕಥೆ. ದಾರಿಯುದ್ದಕ್ಕೂ ಮೋಸ, ಮಸಲತ್ತು, ನಗು. ಬರೆದಾಗ ಇಮಾಮರಿಗೆ ಇಪ್ಪತ್ತೆರಡರ ಆಸುಪಾಸು.

ಈಸ್ಟ್ ಈ ಹುಡುಗನನ್ನು ಬಿಡಲಿಲ್ಲ. ಮೇಷ್ಟ್ರ ಕೆಲಸದಿಂದ ಎರವಲು ಪಡೆದು ಜರಿಯಾಕ್ಕೆ ಕರೆಸಿಕೊಂಡು, ಮುಂದೆ ಪುಸ್ತಕಗಳ ರಾಶಿ ಇಟ್ಟರು. ಅರೇಬಿಯನ್ ನೈಟ್ಸ್, ಗ್ರಿಮ್ ಸೋದರರ ಕಥೆಗಳು, ಇನ್ನೂ ಏನೇನೋ. ಅವನ್ನೆಲ್ಲ ಓದಿ, ಅರಗಿಸಿಕೊಂಡು, ಹೌಸಾ ನಾಡಿನ ಕಥೆಗಳಾಗಿ ಇಮಾಮ್ ಬರೆದದ್ದು 'ಮಗಾನಾ ಜಾರಿ ಚೆ'. ಮೂರು ಸಂಪುಟ. ಹೆಸರಿನ ಅರ್ಥ ಮಾತೇ ಬಂಡವಾಳ.

ಇದರ ಚೌಕಟ್ಟು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ರಾಜ ಯುದ್ಧಕ್ಕೆ ಹೋಗಿದ್ದಾನೆ. ಮಗ ತಾನೂ ಹೊರಡಬೇಕೆಂದು ಹವಣಿಸುತ್ತಾನೆ. ಅವನನ್ನು ತಡೆಯಲು ಅರಮನೆಯ ಗಿಳಿ ಕಥೆ ಹೇಳಲು ತೊಡಗುತ್ತದೆ. ಒಂದು ಮುಗಿದರೆ ಇನ್ನೊಂದು. ಇದು ನಮ್ಮ ಶುಕಸಪ್ತತಿಯ ಗಿಳಿಯಲ್ಲವೇ! ಗಂಡ ಪರಊರಿಗೆ ಹೋದಾಗ ಹೆಂಡತಿ ಮನೆಯಿಂದ ಹೊರಗೆ ಕಾಲಿಡದಂತೆ ಎಪ್ಪತ್ತು ರಾತ್ರಿ ಕಥೆ ಹೇಳಿದ ಗಿಳಿ. ಆ ಸಂಸ್ಕೃತ ಗಿಳಿಯನ್ನು ಹದಿನಾಲ್ಕನೇ ಶತಮಾನದಲ್ಲಿ ನಖ್ಷಬಿ ಎಂಬ ಸೂಫಿ ಪಾರಸಿಗೆ ಒಯ್ದ. ಅವನ 'ತೂತಿನಾಮಾ'ದಲ್ಲಿ ರಾತ್ರಿಗಳು ಐವತ್ತೆರಡಕ್ಕೆ ಇಳಿದವು. ಅಲ್ಲಿಂದ ತುರ್ಕಿ, ಯುರೋಪು ಸುತ್ತಿದ ಕಥೆ ಸಹಾರಾ ಮರುಭೂಮಿಯ ಅಂಚಿನ ಊರಿಗೆ ಬಂದು ಇಮಾಮರ ಕೈಗೆ ಸಿಕ್ಕಿತು. ಅವರು ಅದನ್ನು ಹಾಗೆಯೇ ಇಳಿಸಿಕೊಳ್ಳಲಿಲ್ಲ. ಪ್ರಿಯಕರನ ಬಳಿಗೆ ಹೊರಟ ಹೆಂಡತಿಯ ಜಾಗದಲ್ಲಿ ಯುದ್ಧಕ್ಕೆ ಹೊರಟ ಹುಡುಗನನ್ನು ಕೂರಿಸಿದರು. ಶಾಲೆಯಲ್ಲಿ ಮಕ್ಕಳು ಓದಬೇಕಾದ ಪುಸ್ತಕ, ಮನೆಯಲ್ಲಿ ಹಿರಿಯರು ಒಪ್ಪಬೇಕು. ಜೊತೆಗೆ ಅದು ಎರಡನೇ ಮಹಾಯುದ್ಧದ ಹೊಸ್ತಿಲು. ಕಥೆ ಕೇಳುತ್ತಾ ಕೂತರೆ ಒಬ್ಬ ಹುಡುಗ ಯುದ್ಧಕ್ಕೆ ಹೋಗುವುದು ತಪ್ಪುತ್ತದೆ ಎಂದು 1930ರ ದಶಕದ ಕೊನೆಯಲ್ಲಿ ಬರೆದದ್ದು ನನಗೆ ಬಹಳ ಹಿಡಿಸಿತು.

1939ರ ಜನವರಿಯಲ್ಲಿ ಜರಿಯಾದಿಂದ 'ಗಸ್ಕಿಯಾ ತಾ ಫಿ ಕ್ವಾಬೊ' ಹೊರಟಿತು. ಇಮಾಮ್ ಅದರ ಮೊದಲ ಹೌಸಾ ಸಂಪಾದಕ. ಆಗ ಅವರಿಗೆ ಇಪ್ಪತ್ತೆಂಟೂ ತುಂಬಿರಲಿಲ್ಲವೇನೋ. ಗಸ್ಕಿಯಾ ಎಂದರೆ ಸತ್ಯ. ಕ್ವಾಬೊ ಎಂದರೆ ಚಿಲ್ಲರೆ ನಾಣ್ಯ, ಇಂಗ್ಲಿಷಿನ 'ಕಾಪರ್' ಎಂಬ ಪದ ಹೌಸಾ ಬಾಯಲ್ಲಿ ಹಾಗಾಯಿತು. ನಮ್ಮ ದುಡ್ಡು ಕೂಡ ಮೊದಲು ಒಂದು ತಾಮ್ರದ ನಾಣ್ಯದ ಹೆಸರೇ. ಹಾಗಾಗಿ ಪತ್ರಿಕೆಯ ಹೆಸರನ್ನು ಕನ್ನಡದಲ್ಲಿ 'ಸತ್ಯ ದುಡ್ಡಿಗಿಂತ ಮೇಲು' ಎಂದರೆ ಸರಿಹೋಗುತ್ತದೆ.

ಹೆಸರೇನೋ ಚೆನ್ನಾಗಿದೆ, ಆದರೆ ದುಡ್ಡು ಯಾರದು? ಸರ್ಕಾರದ್ದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನೈಜೀರಿಯದ ದಕ್ಷಿಣದಲ್ಲಿ ನಮ್ಡಿ ಅಜಿಕಿವೆ 1937ರಿಂದ 'ವೆಸ್ಟ್ ಆಫ್ರಿಕನ್ ಪೈಲಟ್' ಎಂಬ ಇಂಗ್ಲಿಷ್ ಪತ್ರಿಕೆ ನಡೆಸುತ್ತಿದ್ದರು. ಬ್ರಿಟಿಷರನ್ನು ಖಾರವಾಗಿ ಟೀಕಿಸುವ ಪತ್ರಿಕೆ. ಆ ಗಾಳಿ ಉತ್ತರಕ್ಕೆ ಬೀಸದಿರಲಿ, ಯುದ್ಧ ಬಂದರೆ ಜನ ನಮ್ಮ ಪರ ಇರಲಿ ಎಂಬ ಲೆಕ್ಕ ಸರ್ಕಾರಕ್ಕಿತ್ತು. ಪೈಲಟ್ ಬರೆದಂತೆ ಗಸ್ಕಿಯಾ ಬರೆಯುವ ಹಾಗಿರಲಿಲ್ಲ. ಸತ್ಯ ದುಡ್ಡಿಗಿಂತ ಮೇಲು ಎಂದು ಮುಖಪುಟದಲ್ಲೇ ಹೆಸರಾಗಿ ಅಚ್ಚು ಮಾಡಿಕೊಂಡು, ಸರ್ಕಾರದ ಸಂಬಳದಲ್ಲಿ ಸಂಪಾದಕನಾಗಿ ಕೂರುವುದು ಸುಲಭದ ಕುರ್ಚಿಯಲ್ಲ.

ನಮಗೆ ಇದು ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದದ್ದು ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್. ಬಾಸೆಲ್ ಮಿಷನ್ನಿಗೆ ತನ್ನದೇ ಉದ್ದೇಶವಿತ್ತು. ಆದರೆ ಕಲ್ಲಚ್ಚಿನ ಆ ಹಾಳೆಗಳಲ್ಲಿ ಕನ್ನಡ ಗದ್ಯ ಊರ ಸುದ್ದಿ, ಕಾನೂನು, ದೂರದೇಶದ ವರ್ತಮಾನ ಹೇಳಲು ಕಲಿಯಿತು. ದುಡ್ಡು ಹಾಕಿದವರ ಉದ್ದೇಶ ಒಂದು, ಭಾಷೆಗೆ ಆದ ಲಾಭ ಇನ್ನೊಂದು. ಗಸ್ಕಿಯಾದಲ್ಲೂ ಹಾಗೇ ಆಯಿತು. ವ್ಯತ್ಯಾಸವೆಂದರೆ ಸುಮಾರು ನೂರು ವರ್ಷದ ನಂತರ, ಅಲ್ಲಿ ಕುರ್ಚಿಯಲ್ಲಿ ಕೂತದ್ದು ಅದೇ ಮಣ್ಣಿನ ಮನುಷ್ಯ.

ಹಿಟ್ಲರ್, ಟ್ಯಾಂಕ್, ವಿಮಾನದಾಳಿ, ಪಾರ್ಲಿಮೆಂಟು. ಇವನ್ನೆಲ್ಲ ಜೋಳದ ಹೊಲದಿಂದ ಬಂದವನಿಗೆ, ಚರ್ಮ ಹದ ಮಾಡುವವನಿಗೆ ಅರ್ಥವಾಗುವ ಹಾಗೆ ಹೇಳಬೇಕು. ಈಗಿನ ಹೌಸಾ ಸುದ್ದಿಯಲ್ಲಿ ಬಳಕೆಯಲ್ಲಿರುವ ಕೆಲವು ಪದ ನೋಡಿ. ಹಡಗಿಗೆ ಜಿರ್ಗಿನ್ ರುವಾ, ಅಂದರೆ ನೀರಿನ ದೋಣಿ. ರೈಲಿಗೆ ಜಿರ್ಗಿನ್ ಕಸಾ, ನೆಲದ ದೋಣಿ. ವಿಮಾನಕ್ಕೆ ಜಿರ್ಗಿನ್ ಸಮಾ, ಆಕಾಶದ ದೋಣಿ. ಒಂದೇ ಪದ ಕಲಿತರೆ ಮೂರು ವಾಹನ. ವಿಶ್ವಸಂಸ್ಥೆಗೆ ಅವರು ಹೇಳುವುದು 'ಮಜಲಿಸರ್ ದಿಂಕಿನ್ ದುನಿಯಾ', ಲೋಕವನ್ನು ಹೊಲಿದು ಜೋಡಿಸುವ ಸಭೆ. ಕಂಪ್ಯೂಟರಿಗೆ ಮಿದುಳಿರುವ ಯಂತ್ರ ಎನ್ನುತ್ತಾರೆ. ನಾವು ಗಣಕಯಂತ್ರ ಎಂದು ಬರೆದು ಕಂಪ್ಯೂಟರ್ ಎಂದು ಓದುತ್ತೇವೆ! ಇವನ್ನೆಲ್ಲ ಇಮಾಮರೇ ಹುಟ್ಟಿಸಿದರೆಂದು ನಾನು ಹೇಳುತ್ತಿಲ್ಲ. ಪತ್ರಿಕೆಯವರು, ಆಮೇಲೆ ರೇಡಿಯೋದವರು, ಮಾರುಕಟ್ಟೆಯ ಜನ ಎಲ್ಲರೂ ಸೇರಿ ಮಾಡಿದ ಕೆಲಸ. ಆದರೆ ಕೇಳುಗನ ಬಾಯಿಗೆ ಒಗ್ಗುವ ಪದದಲ್ಲೇ ಸುದ್ದಿ ಹೇಳಬೇಕೆಂಬ ಚಾಳಿಯನ್ನು ಗಸ್ಕಿಯಾ ಬೆಳೆಸಿತು. ಅದರ ಪುಟಗಳಲ್ಲಿ ಓದುಗರ ಪತ್ರಗಳಿಗೂ ಪದ್ಯಗಳಿಗೂ ಜಾಗವಿತ್ತು. ಓದಲು ಕಲಿತವನು ಬರೆಯಲೂ ಶುರು ಮಾಡಿದ.

1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಬ್ರಿಟಿಷ್ ಕೌನ್ಸಿಲ್ ಪಶ್ಚಿಮ ಆಫ್ರಿಕಾದ ಪತ್ರಕರ್ತರ ನಿಯೋಗವೊಂದನ್ನು ಲಂಡನ್ನಿಗೆ ಕರೆಸಿತು. ಅದೇ ನಿಯೋಗದಲ್ಲಿ ಅಜಿಕಿವೆ ಇದ್ದರು, ಇಮಾಮರೂ ಇದ್ದರು. ಅಲ್ಲಿ ಇಮಾಮ್ ಲಾರ್ಡ್ ಲುಗಾರ್ಡ್ ಅವರನ್ನು ಕಂಡರು. ಉತ್ತರ ನೈಜೀರಿಯವನ್ನು ಸೈನ್ಯ ತಂದು ಗೆದ್ದವನು, 1914ರಲ್ಲಿ ಉತ್ತರ ದಕ್ಷಿಣ ಎರಡನ್ನೂ ಒಂದೇ ನೈಜೀರಿಯ ಮಾಡಿದವನು ಈ ಲುಗಾರ್ಡ್. ಮುಪ್ಪಿನ ಲುಗಾರ್ಡ್ ಎದುರು ಕೂತು, ನೀವು ಬಿಟ್ಟುಬಂದ ಆಡಳಿತದಲ್ಲಿ ನಿಮ್ಮ ಅಧಿಕಾರಿಗಳು ನಮ್ಮ ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಸರ್ಕಾರಿ ಪತ್ರಿಕೆಯ ಸಂಪಾದಕ ದೂರಿದರು. ಪತ್ರಿಕೆಯಲ್ಲಿ ಅಚ್ಚು ಮಾಡಲು ಕಷ್ಟವಿದ್ದದ್ದನ್ನು ಎದುರುಬದುರು ಹೇಳಿದರು. ಊರಿಗೆ ಮರಳಿ ಆ ಪ್ರವಾಸದ ಬಗ್ಗೆ ಹೌಸಾದಲ್ಲಿ ಪುಸ್ತಕ ಬರೆದರು, 'ತಫಿಯಾ ಮಬುದಿನ್ ಇಲ್ಮಿ'. ಪ್ರಯಾಣವೇ ಅರಿವಿನ ಕೀಲಿಕೈ ಎಂದು ಅರ್ಥ. ನಮ್ಮ ಹಿರಿಯರು ಹೇಳುವ ದೇಶ ಸುತ್ತು, ಕೋಶ ಓದು ಎಂಬ ಮಾತಿನ ಮೊದಲರ್ಧ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಹೊರನಾಡ ಕನ್ನಡಿಗನಾಗಿ ನನಗೆ ಚುಚ್ಚಿದ ಒಂದು ವಿಷಯವನ್ನೂ ಹೇಳಬೇಕು. ಇಮಾಮರ ತಕರಾರು ಬ್ರಿಟಿಷರೊಂದಿಗೆ ಮಾತ್ರ ಇರಲಿಲ್ಲ. ದಕ್ಷಿಣದವರು ಮೊದಲೇ ಇಂಗ್ಲಿಷ್ ಕಲಿತಿದ್ದರು. ಉತ್ತರದ ರೈಲ್ವೆ, ಅಂಚೆ, ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ತುಂಬಿಕೊಂಡವರು ಅವರೇ. ಬ್ರಿಟಿಷರು ಹೋದ ಮೇಲೆ ಇವರು ನಮ್ಮ ಮೇಲೆ ಕೂರುತ್ತಾರೆ ಎಂಬ ಭಯ ಉತ್ತರದವರಿಗಿತ್ತು. ಇಮಾಮರಿಗೂ ಇತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ದಕ್ಷಿಣದಿಂದ ಬಂದವರು ಇರಬೇಕಾದ ಬಡಾವಣೆಯೇ ಬೇರೆ. ಕೋಟೆಯೊಳಗಿನ ಹಳೇ ಊರಿನಲ್ಲಿ ಅವರಿಗೆ ಜಾಗವಿಲ್ಲ, ಆಚೆಗೆ 'ಸಬೋನ್ ಗರಿ', ಅಂದರೆ ಹೊಸ ಊರು.

ನಾವೆಲ್ಲ ಸಬೋನ್ ಗರಿಯ ಜನ. ಪುಣೆಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಕೆಲಸ ಹುಡುಕಿಕೊಂಡು ಬಂದು ಸೊಸೈಟಿಗಳಲ್ಲಿ ಸೇರಿಕೊಂಡವರು. 'ಹೊರಗಿನವರು ಬಂದು ಕೆಲಸ ಕಿತ್ತುಕೊಂಡರು' ಎಂಬ ಮಾತು ಲಿಫ್ಟಿನಲ್ಲಿ ಕಿವಿಗೆ ಬಿದ್ದಾಗ ಮುಖ ತಗ್ಗಿಸುತ್ತೇವೆ. ಬೆಂಗಳೂರಿಗೆ ಹೋದಾಗ ಅದೇ ಮಾತನ್ನು ನಮ್ಮ ನೆಂಟರ ಮನೆಯ ಜಗಲಿಯಲ್ಲಿ ಕೂತು ನಾವೇ ಆಡುತ್ತೇವೆ. ಇಮಾಮರ ಭಯ ಸುಳ್ಳೆಂದು ನಾನು ಹೇಳಲಾರೆ, ತಮ್ಮ ಭಾಷೆಯವರಿಗೆ ಶಾಲೆ, ಕೆಲಸ, ಪುಸ್ತಕ ಸಿಗಬೇಕೆಂಬ ಆಸೆ ಅದರೊಳಗಿತ್ತು. ಆದರೆ ಆ ಭಯ ಬೇರೆಯವರ ಕೈಗೆ ಸಿಕ್ಕಾಗ ಏನಾಯಿತೆಂದು ಚರಿತ್ರೆಯಲ್ಲಿದೆ. 1966ರಲ್ಲಿ ಉತ್ತರದ ಊರುಗಳಲ್ಲಿ ನೆಲೆಸಿದ್ದ ಇಗ್ಬೊ ಜನರ ಮೇಲೆ ದಾಳಿಗಳಾದವು. ಸಾವಿರಾರು ಮಂದಿ ಸತ್ತರು, ಉಳಿದವರು ಸಿಕ್ಕ ರೈಲು ಹತ್ತಿ ಪೂರ್ವಕ್ಕೆ ಓಡಿದರು. ಮರುವರ್ಷ ಬಿಯಾಫ್ರಾ ಯುದ್ಧ. ಇಮಾಮ್ ಅಷ್ಟರಲ್ಲಿ ಸಂಪಾದಕರ ಕುರ್ಚಿ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು, ಆ ಪಾಪವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಾತೇ ಬಂಡವಾಳ ಎಂದಮೇಲೆ, ಆ ಬಂಡವಾಳವನ್ನು ಯಾರು ಎಲ್ಲಿ ಹೂಡುತ್ತಾರೆ ಎಂದೂ ನೋಡಬೇಕಾಗುತ್ತದೆ, ಅಷ್ಟೇ.

ಇನ್ನೊಂದು ಮಗ್ಗುಲೂ ಇದೆ. ಹೌಸಾದವರೂ ವಲಸೆ ಹೋಗುವ ಜನ. ಕೋಲಾ ಕಾಯಿ, ದನ, ಬಟ್ಟೆಯ ವ್ಯಾಪಾರ ಹಿಡಿದು ಘಾನಾದವರೆಗೂ ಹೋದರು. ಅಕ್ರಾ, ಕುಮಾಸಿಯಂಥ ಊರುಗಳಲ್ಲಿ ಅವರು ನೆಲೆಸಿದ ಕೇರಿಗಳಿಗೆ 'ಜೋಂಗೊ' ಎನ್ನುತ್ತಾರೆ. ವ್ಯಾಪಾರದ ತಂಡ ಇಳಿದುಕೊಳ್ಳುವ ತಂಗುದಾಣಕ್ಕೆ ಹೌಸಾದಲ್ಲಿರುವ ಪದ ಅದು. ತಂಗಲು ಬಂದವರು ಅಲ್ಲೇ ಉಳಿದರು. ಮಸೀದಿ ಕಟ್ಟಿದರು, ಹೌಸಾ ಮಾತಾಡಿದರು, ಬೇರೆ ಮನೆಮಾತಿನ ವಲಸಿಗರಿಗೂ ಜೋಂಗೊದಲ್ಲಿ ಹೌಸಾವೇ ಆಡುಮಾತಾಯಿತು. ಮಾಟುಂಗಾದ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಮಾಟುಂಗಾದಲ್ಲಿ ಬೇರೆಯವರು ಕನ್ನಡ ಕಲಿತರೇ ಎಂದು ಕೇಳಬೇಡಿ.

ಇಮಾಮ್ 1954ರಲ್ಲಿ ಗಸ್ಕಿಯಾ ಬಿಟ್ಟರು. ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು, ಸರ್ಕಾರಿ ಹುದ್ದೆಗಳಲ್ಲೂ ಇದ್ದರು. 1981ರ ಜೂನ್‌ನಲ್ಲಿ ತೀರಿಕೊಂಡರು. ಅವರ ನೆನಪುಗಳ ಪುಸ್ತಕ 1989ರಲ್ಲಿ ಹೊರಬಂತು. ಅಷ್ಟರಲ್ಲಿ ಹೌಸಾ ಪತ್ರಿಕೋದ್ಯಮ ಕಾಗದದಿಂದ ಗಾಳಿಗೆ ಹಾರಿತ್ತು. ಬಿಬಿಸಿ ಹೌಸಾ 1957ರಲ್ಲಿ ಶುರುವಾಯಿತು, ಜರ್ಮನಿಯ ಡಾಯ್ಚ ವೆಲ್ಲ 1963ರಲ್ಲಿ, ವಾಯ್ಸ್ ಆಫ್ ಅಮೆರಿಕ 1979ರಲ್ಲಿ. ದನ ಕಾಯುವವನ ಹೆಗಲಲ್ಲೂ ಟ್ರಾನ್ಸಿಸ್ಟರ್ ಬಂತು. ಓದು ಬಾರದವನಿಗೂ ಲೋಕದ ಸುದ್ದಿ ತನ್ನ ಮಾತಿನಲ್ಲಿ ಸಿಕ್ಕಿತು. ಈ ಮೂರರ ಹಿಂದೆಯೂ ಬೇರೆ ದೇಶದ ಸರ್ಕಾರಗಳ ದುಡ್ಡಿದೆ ಎಂಬುದನ್ನು ಗಮನಿಸಿ. ಅಮೆರಿಕದಲ್ಲಿ ಸರ್ಕಾರ ಬದಲಾಗಿ, 2025ರ ಮಾರ್ಚ್‌ನಲ್ಲಿ ವಾಯ್ಸ್ ಆಫ್ ಅಮೆರಿಕದ ಸಿಬ್ಬಂದಿಯನ್ನು ಮನೆಗೆ ಕಳಿಸಿದಾಗ ಹೌಸಾ ದನಿಯೂ ನಿಂತಿತು. ಇಮಾಮರನ್ನು ಕಾಡಿರಬೇಕಾದ ದುಡ್ಡಿನ ಪ್ರಶ್ನೆ ಎಂಬತ್ತು ವರ್ಷ ಕಳೆದರೂ ಅಲ್ಲೇ ಇದೆ.

"ಕನ್ನಡದಲ್ಲಿ ಬಿಬಿಸಿ ಇದೆಯಲ್ಲ?" ಎಂದು ಕಾನೋದ ಗೆಳೆಯ ಒಮ್ಮೆ ಕೇಳಿದ್ದ. ಇಲ್ಲ ಅಂದೆ. 2017ರಲ್ಲಿ ಮರಾಠಿ, ತೆಲುಗು, ಗುಜರಾತಿ, ಪಂಜಾಬಿಗೆ ಬಂತು, ನಮಗೆ ಬರಲಿಲ್ಲ. ಪುಣೆಯವರಿಗೂ ಹೈದರಾಬಾದಿನವರಿಗೂ ಅಕ್ಕಪಕ್ಕದ ಫೋನಿನಲ್ಲಿ ಅದು ಕೇಳಿಸುತ್ತಿರುತ್ತದೆ. ಇದಕ್ಕಾಗಿ ಬೇಸರ ಪಡಬೇಕೇ? ಸ್ವಲ್ಪ ಪಟ್ಟರೆ ತಪ್ಪಿಲ್ಲ. ಆದರೆ ಹೊರಗಿನವರ ದುಡ್ಡಿನಲ್ಲಿ ಬಂದದ್ದು ಹೊರಗಿನವರು ಬೇಡವೆಂದಾಗ ಹೋಗುತ್ತದೆ ಎಂಬುದನ್ನೂ ನೋಡಿದೆವಲ್ಲ.

ವೃತ್ತಿಯ ಚಾಳಿಯಿಂದ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ಹೌಸಾದಲ್ಲಿ ಬ, ಡ, ಕ ಧ್ವನಿಗಳಿಗೆ ಎರಡೆರಡು ಬಗೆಗಳಿವೆ. ಒಂದು ಮಾಮೂಲಿ, ಇನ್ನೊಂದು ಗಂಟಲಿನಿಂದ ಒತ್ತಿ ಹೇಳುವಂಥದ್ದು. ಎರಡನೆಯದಕ್ಕೆ ರೋಮನ್ ಅಕ್ಷರಕ್ಕೇ ಒಂದು ಕೊಕ್ಕೆ ಹಾಕಿ ಬರೆಯುತ್ತಾರೆ. ಕೊಕ್ಕೆಯ ಕ ಹಾಕಿ 'ಕಸಾ' ಎಂದರೆ ನೆಲ, ದೇಶ. ಕೊಕ್ಕೆ ಬಿಟ್ಟರೆ 'ಕೈಲಾಗದೆ ಹೋಗು' ಎಂಬ ಕ್ರಿಯಾಪದವಾಗುತ್ತದೆ. ಯೂನಿಕೋಡಿನಲ್ಲಿ ಈ ಕೊಕ್ಕೆ ಅಕ್ಷರಗಳಿವೆ, ಆದರೆ ಮಾಮೂಲಿ ಇಂಗ್ಲಿಷ್ ಕೀಬೋರ್ಡಿನಲ್ಲಿ ಇಲ್ಲ. ಹಾಗಾಗಿ ಚಾಟಿನಲ್ಲಿ, ಕೆಲವೊಮ್ಮೆ ಸುದ್ದಿಯಲ್ಲೂ ಜನ ಕೊಕ್ಕೆ ಬಿಟ್ಟೇ ಬರೆಯುತ್ತಾರೆ. ಸಂದರ್ಭ ನೋಡಿ ಓದಿಕೊಳ್ಳಬೇಕು. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರ ಕಥೆಯೂ ಇದೇ. ಅಲ್ಲಿ ಹಳ್ಳಿಯೋ ಹಲ್ಲಿಯೋ ನಾವೇ ಊಹಿಸಿಕೊಳ್ಳಬೇಕು.

ಇಮಾಮರ ಕಾಲದಲ್ಲಿ ಕೊಕ್ಕೆಯನ್ನು ಅಚ್ಚುಮೊಳೆಯಲ್ಲೇ ಎರಕ ಹೊಯ್ದು ಮಾಡಿಸಬೇಕಿತ್ತು. ಇವತ್ತು ನಮಗೆ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಲು ಎರಡು ನಿಮಿಷ ಸಾಕು. ಈ ಪತ್ರಿಕೆಗೆ ಸರ್ಕಾರದ ದುಡ್ಡಿಲ್ಲ, ಪಾದ್ರಿಗಳ ದುಡ್ಡೂ ಇಲ್ಲ. ಭಾನುವಾರದ ಮಧ್ಯಾಹ್ನ ನಿದ್ದೆ ಬಿಟ್ಟು ಪುಟ ಕಟ್ಟುವ ನಾಲ್ಕು ಜನ ಇದ್ದಾರೆ, ಓದುವ ನೀವಿದ್ದೀರಿ. ಹೋದ ಸಂಚಿಕೆಗೆ ಬಂದ ಓದುಗರ ಪತ್ರಗಳು ಮೂರೇ ಅಂತೆ, ಅದರಲ್ಲಿ ಎರಡು ಇಂಗ್ಲಿಷ್ ಅಕ್ಷರದಲ್ಲಿದ್ದವು ಎಂದು ಸಂಪಾದಕರು ನಗುತ್ತಾ ಹೇಳಿದರು. ಈ ಸಲ ಬರೆಯಿರಿ. ನೀವಿರುವ ಊರಿನಲ್ಲಿ ನಿಮ್ಮನ್ನು ಸಬೋನ್ ಗರಿಯವರಂತೆ ನೋಡುತ್ತಾರೋ ಜೋಂಗೊದವರಂತೆ ನೋಡುತ್ತಾರೋ, ಅದನ್ನೇ ಬರೆಯಿರಿ. ಕನ್ನಡ ಅಕ್ಷರದಲ್ಲಿ. ಮುಂದಿನ ತಿಂಗಳು ಸಿಗೋಣ.